ರೋಡಮೀನ್ ಪ್ರೋಬ್: ಕ್ಯುವೆಟ್‌ನಲ್ಲಿ ಪಾದರಸ ಕಾಣುತ್ತದೆ, ಕೋಶದಲ್ಲೂ ಅಳಿವೆ ನೀರಿನಲ್ಲೂ ಲೆಕ್ಕ ತಪ್ಪುತ್ತಿದೆ

ಪ್ರಶ್ನೆ — ಅಳಿವೆ_ನೀರು

ಎಲ್ಲರಿಗೂ ನಮಸ್ಕಾರ. ರೋಡಮೀನ್ ಬಿ ಹೈಡ್ರಜೈಡಿಗೆ ಫೀನೈಲ್ ಐಸೊಥಯೋಸಯನೇಟ್ ಕೂಡಿಸಿ ಮಾಡಿದ ಥಯೋಸೆಮಿಕಾರ್ಬಜೈಡ್ ಪ್ರೋಬ್ (ಪಾದರಸ ಸಿಕ್ಕರೆ ಹೊಳೆಯುವ ಅಣು) ಬಳಸುತ್ತಿದ್ದೇವೆ. ಆಗಬೇಕಾದ ಕೆಲಸ ಎರಡು: ಹೀಲಾ (ಲ್ಯಾಬಿನಲ್ಲಿ ಬೆಳೆಸುವ ಮಾನವ) ಕೋಶಗಳೊಳಗೆ ಪಾದರಸ ಸೇರುವುದನ್ನು ಕಾನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಮತ್ತು ಕಾರವಾರದ ಹತ್ತಿರ ಕಾಳಿ ನದಿಯ ಅಳಿವೆ ನೀರಿನಲ್ಲಿ ಪಾದರಸ ಅಳೆಯುವುದು.

ಕ್ಯುವೆಟ್ (ಹೊಳಪು ಅಳೆಯುವ ಪುಟ್ಟ ಪಾತ್ರೆ) ವಿವರ: ಪ್ರೋಬ್ 10 ಮೈಕ್ರೋಮೋಲಾರ್, 20 ಮಿಲಿಮೋಲಾರ್ ಹೆಪೆಸ್ (ಪಿಎಚ್ ಬದಲಾಗದಂತೆ ತಡೆಯುವ ಬಫರ್), ಪಿಎಚ್ 7.2, ಶೇ. 20 ಅಸಿಟೋನೈಟ್ರೈಲ್, ಒಟ್ಟು 2 ಮಿಲಿಲೀಟರ್. 520 ನ್ಯಾನೋಮೀಟರ್‌ನಲ್ಲಿ ಉದ್ದೀಪನ, 580ರಲ್ಲಿ ಅಳತೆ. ಪಾದರಸಕ್ಕೆ ಲೀಟರಿಗೆ 1000 ಮಿಲಿಗ್ರಾಂನ ಸಿದ್ಧ ಸ್ಟ್ಯಾಂಡರ್ಡ್, ಶೇ. 10 ನೈಟ್ರಿಕ್ ಆಮ್ಲದಲ್ಲಿರುವುದು, ನೇರವಾಗಿ ಕ್ಯುವೆಟ್‌ಗೆ.

ತೊಂದರೆಗಳು ಹೀಗಿವೆ. 10 ಮೈಕ್ರೋಮೋಲಾರ್‌ವರೆಗೆ ಪಾದರಸದ ಪ್ರಮಾಣಕ್ಕೆ ಹೊಳಪು ತೋರಿಸುವ ಗೆರೆ ನೇರ, 20ಕ್ಕೆ ಹೋದೊಡನೆ ಹೊಳಪು ದಿಢೀರನೆ ಮೇಲೇಳುತ್ತದೆ. ತಾಮ್ರಕ್ಕೂ ಅರ್ಧ ಗಂಟೆಯಲ್ಲಿ ತಿಳಿ ಗುಲಾಬಿ ಬಣ್ಣ ಬರುತ್ತದೆ. ಕೋಶಗಳಲ್ಲಿ ಪಾದರಸ ಹಾಕದ ಡಿಶ್‌ನಲ್ಲೇ ಕೆಂಪು ಚುಕ್ಕೆಗಳಿವೆ, ಶೇ. 10 ಸೀರಮ್ ಇರುವ ಮಾಧ್ಯಮದಲ್ಲಿ 10 ಮೈಕ್ರೋಮೋಲಾರ್ ಮರ್ಕ್ಯುರಿಕ್ ಕ್ಲೋರೈಡ್ ಕೊಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ. ಅಳಿವೆ ನೀರಿಗೆ 2 ಮೈಕ್ರೋಮೋಲಾರ್ ಪಾದರಸ ಬೆರೆಸಿ, ಪಾಲಿಪ್ರೊಪಿಲೀನ್ ಟ್ಯೂಬಿನಲ್ಲಿಟ್ಟು, ಮರುದಿನ ಅಳೆದರೆ ಕಾಲು ಭಾಗದಷ್ಟೇ ಸಿಗುತ್ತದೆ. ಮೀಥೈಲ್ ಪಾದರಸವನ್ನೂ ಇದು ತೋರಿಸುತ್ತದೆಯೇ?

ಉತ್ತರ — ಗಂಧಕಪ್ರಿಯ

ಮೊದಲು ಕ್ಯುವೆಟ್ ಸರಿಮಾಡಿಕೊಳ್ಳಿ, ಉಳಿದವು ಆಮೇಲೆ.

ಈ ಪ್ರೋಬ್ ಪಾದರಸವನ್ನು ಹಿಡಿದು ಬಿಡುವಂಥದ್ದಲ್ಲ. ಪಾದರಸ ಗಂಧಕವನ್ನು ಕಿತ್ತುಕೊಂಡು ಹೋಗುತ್ತದೆ, ಉಳಿದ ಭಾಗ ಆಕ್ಸಡಯಜೋಲ್ ಉಂಗುರವಾಗಿ ಮುಚ್ಚಿಕೊಳ್ಳುತ್ತದೆ, ಆಗ ರೋಡಮೀನಿನಲ್ಲಿ ಬಣ್ಣವನ್ನು ಅಡಗಿಸಿಟ್ಟ ಸ್ಪೈರೊ ಉಂಗುರ ತೆರೆದು ಬಣ್ಣವೂ ಹೊಳಪೂ ಬರುತ್ತವೆ. ದಕ್ಷಿಣ ಕೊರಿಯಾದ ಯೋನ್ಸೆ ವಿಶ್ವವಿದ್ಯಾಲಯದ ಗುಂಪು 2005ರಲ್ಲಿ ರೋಡಮೀನ್ 6ಜಿ ಬಳಸಿ ತೋರಿಸಿದ್ದು ಇದೇ ಮಾರ್ಗ. ಕ್ರಿಯೆ ಒಂದಕ್ಕೊಂದು. ಅಂದರೆ 10 ಮೈಕ್ರೋಮೋಲಾರ್ ಪ್ರೋಬ್ ಇದ್ದಲ್ಲಿ 10 ಮೈಕ್ರೋಮೋಲಾರ್ ಪಾದರಸ ಬಿದ್ದ ಮೇಲೆ ಗೆರೆ ಮಟ್ಟಸವಾಗಬೇಕು. ನಿಮ್ಮದು ಏರುತ್ತಿದೆ ಎಂದರೆ ಏರಿಸುತ್ತಿರುವುದು ಪಾದರಸವಲ್ಲ, ಬಾಟಲಿಯಲ್ಲಿರುವ ಆಮ್ಲ.

ಲೆಕ್ಕ ನೋಡಿ. ಶೇ. 10 ನೈಟ್ರಿಕ್ ಆಮ್ಲ ಸುಮಾರು 1.67 ಮೋಲಾರ್. ಲೀಟರಿಗೆ 1000 ಮಿಲಿಗ್ರಾಂ ಪಾದರಸ ಎಂದರೆ ಸುಮಾರು 5 ಮಿಲಿಮೋಲಾರ್. 20 ಮೈಕ್ರೋಮೋಲಾರ್ ಬೇಕೆಂದರೆ 2 ಮಿಲಿಲೀಟರಿಗೆ 8 ಮೈಕ್ರೋಲೀಟರ್ ಹಾಕಬೇಕು, ಅದರ ಜೊತೆ ಬರುವ ಆಮ್ಲ 6.7 ಮಿಲಿಮೋಲಾರ್. ಪಿಎಚ್ 7.2ರಲ್ಲಿ 20 ಮಿಲಿಮೋಲಾರ್ ಹೆಪೆಸ್‌ನ ಮೂರನೇ ಒಂದು ಭಾಗ ಮಾತ್ರ ಆಮ್ಲವನ್ನು ತಡೆಯುವ ರೂಪದಲ್ಲಿರುತ್ತದೆ, ಅದೂ ಹೆಚ್ಚುಕಡಿಮೆ 6.7 ಮಿಲಿಮೋಲಾರೇ. ಅಲ್ಲಿಗೆ ಬಫರ್ ಪೂರ್ತಿ ಖಾಲಿ. ಪಿಎಚ್ 5ರ ಕೆಳಗೆ ಜಾರಿದರೆ ಸ್ಪೈರೊ ಉಂಗುರ ಪಾದರಸವಿಲ್ಲದೆಯೂ ತೆರೆದುಕೊಳ್ಳುತ್ತದೆ. 10 ಮೈಕ್ರೋಮೋಲಾರ್‌ನಲ್ಲಿ ಪಿಎಚ್ ಸುಮಾರು 6.8ಕ್ಕೆ ಇಳಿದು ನಿಲ್ಲುತ್ತದೆ, ಅದಕ್ಕೇ ಅಲ್ಲಿಯವರೆಗೆ ಗೆರೆ ಚೆನ್ನಾಗಿ ಕಂಡಿದೆ.

ಪರಿಹಾರ ಸುಲಭ. ಮರ್ಕ್ಯುರಿಕ್ ಕ್ಲೋರೈಡ್ 27.15 ಮಿಲಿಗ್ರಾಂ ತೂಗಿ 10 ಮಿಲಿಲೀಟರ್ ನೀರಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್. ಗಾಜಿನ ಬಾಟಲಿಯಲ್ಲಿಡಿ, ತೆಳು ದ್ರಾವಣಗಳನ್ನು ಅಂದಂದೇ ಮಾಡಿಕೊಳ್ಳಿ. ಸಿದ್ಧ ಸ್ಟ್ಯಾಂಡರ್ಡೇ ಬೇಕೆಂದರೆ ಪ್ರತಿ ಬಿಂದುವಿಗೂ ಅಷ್ಟೇ ಆಮ್ಲವಿರುವ, ಪಾದರಸವಿಲ್ಲದ ಬ್ಲ್ಯಾಂಕ್ ಓಡಿಸಿ. ಎರಡರಲ್ಲಿ ಯಾವುದೇ ಆದರೂ, ಅಳತೆ ಮುಗಿದ ಮೇಲೆ ಕ್ಯುವೆಟ್‌ನ ಪಿಎಚ್ ನೋಡುವ ರೂಢಿ ಇಟ್ಟುಕೊಳ್ಳಿ. ಬಫರ್ ಆಗಿ ಟ್ರಿಸ್ ಬೇಡ, ಅದರ ಅಮೀನ್ ಪಾದರಸವನ್ನು ಕಟ್ಟಿಕೊಳ್ಳುತ್ತದೆ.

ತಾಮ್ರದ ವಿಷಯಕ್ಕೆ ಬಂದರೆ ನನ್ನ ಮೊದಲ ಅನುಮಾನ ಪ್ರೋಬಿನ ಶುದ್ಧತೆಯ ಮೇಲೆ. ರೋಡಮೀನ್ ಬಿ ಹೈಡ್ರಜೈಡ್ ತಾನೇ ತಾಮ್ರದ ಪ್ರೋಬ್; ತಾಮ್ರ ಅದನ್ನು ಜಲವಿಚ್ಛೇದನ ಮಾಡಿ ರೋಡಮೀನ್ ಬಿ ಬಿಡುಗಡೆ ಮಾಡುತ್ತದೆಂದು 1997ರಿಂದಲೇ ಗೊತ್ತಿದೆ. ನಿಮ್ಮ ಎರಡನೇ ಹಂತ ಪೂರ್ತಿಯಾಗದೆ ಶೇ. 5 ಹೈಡ್ರಜೈಡ್ ಉಳಿದಿದ್ದರೂ ಆ ನಿಧಾನದ ಗುಲಾಬಿ ಬಣ್ಣಕ್ಕೆ ಅಷ್ಟು ಸಾಕು. ಪಾದರಸದ ಕ್ರಿಯೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ತಾಮ್ರದ್ದು ಅರ್ಧ ಗಂಟೆ ತೆಗೆದುಕೊಂಡಿದೆ. ಈ ವೇಗದ ವ್ಯತ್ಯಾಸವೂ ಅದೇ ಕಡೆ ಬೆರಳು ತೋರಿಸುತ್ತದೆ.

ತಯಾರಿಯನ್ನು ಒಮ್ಮೆ ಹೋಲಿಸಿ ನೋಡಿ. ರೋಡಮೀನ್ ಬಿ 1.2 ಗ್ರಾಂ, ಎಥನಾಲ್ 30 ಮಿಲಿಲೀಟರ್, ಶೇ. 85 ಹೈಡ್ರಜೀನ್ ಹೈಡ್ರೇಟ್ 3 ಮಿಲಿಲೀಟರ್, ಹೊಗೆಗೂಡಿನೊಳಗೆ 2 ಗಂಟೆ ರಿಫ್ಲಕ್ಸ್ (ಆವಿ ತಣಿದು ಮರಳಿ ಬೀಳುವಂತೆ ಕುದಿಸುವುದು). ಕಡು ನೇರಳೆಗೆಂಪು ಹೋಗಿ ತಿಳಿ ಕಿತ್ತಳೆ ಬರಬೇಕು. ಬರದಿದ್ದರೆ ಇನ್ನೊಂದು ಗಂಟೆ ಬಿಡಿ. ಎಥನಾಲ್ ಹಾರಿಸಿ, 1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ 50 ಮಿಲಿಲೀಟರಿನಲ್ಲಿ ಕರಗಿಸಿ, ಪಿಎಚ್ 9–10 ಆಗುವವರೆಗೆ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ನಿಧಾನ ಸೇರಿಸಿ, ಸೋಸಿ, ನೀರಿನಲ್ಲಿ ತೊಳೆದು ಒಣಗಿಸಿ. ಇದರಿಂದ 456 ಮಿಲಿಗ್ರಾಂ, ಅಂದರೆ 1 ಮಿಲಿಮೋಲ್ ತೆಗೆದು 5–10 ಮಿಲಿಲೀಟರ್ ಒಣ ಡೈಮೀಥೈಲ್ ಫಾರ್ಮಮೈಡ್‌ನಲ್ಲಿ ಫೀನೈಲ್ ಐಸೊಥಯೋಸಯನೇಟ್ 0.14 ಮಿಲಿಲೀಟರ್ ಜೊತೆ ಕೋಣೆಯ ಉಷ್ಣತೆಯಲ್ಲಿ ರಾತ್ರಿಯಿಡೀ ಕಲಕಿ. ಶುದ್ಧ ಮಾಡಲು ಸಿಲಿಕಾ ಕಾಲಮ್ ಹಾಕುವಾಗ ದ್ರಾವಕಕ್ಕೆ ಶೇ. 0.5–1 ಟ್ರೈಈಥೈಲ್ ಅಮೀನ್ ಬೆರೆಸಿ. ಸಿಲಿಕಾ ಆಮ್ಲೀಯ, ಅಮೀನ್ ಇಲ್ಲದಿದ್ದರೆ ಪ್ರೋಬ್ ಕಾಲಮ್‌ನಲ್ಲೇ ಗುಲಾಬಿಯಾಗಿ ಉಂಗುರ ತೆರೆದುಕೊಳ್ಳುತ್ತದೆ. ಕೊನೆಗೆ ಪದಾರ್ಥದ ಅಣುತೂಕ 591.8, 5.92 ಮಿಲಿಗ್ರಾಂ 1 ಮಿಲಿಲೀಟರ್ ಡಿಎಂಎಸ್‌ಒ ದ್ರಾವಕಕ್ಕೆ ಹಾಕಿದರೆ 10 ಮಿಲಿಮೋಲಾರ್.

ಉತ್ತರ — ನೀಲಿಗಾಜು

ತಾಮ್ರದ ಕಾಟಕ್ಕೆ 50 ಮೈಕ್ರೋಮೋಲಾರ್ ಇಡಿಟಿಎ ಹಾಕಿ ನೋಡಬಹುದಲ್ಲ? ತಾಮ್ರ, ಸತು, ಸೀಸ ಎಲ್ಲ ಕಟ್ಟಿಹೋಗುತ್ತವೆ.

ಉತ್ತರ — ಗಂಧಕಪ್ರಿಯ

ದಯವಿಟ್ಟು ಬೇಡ. ಇಡಿಟಿಎ ತಾಮ್ರವನ್ನು ಕಟ್ಟುವುದಕ್ಕಿಂತ ಪಾದರಸವನ್ನು ಗಟ್ಟಿಯಾಗಿ ಕಟ್ಟುತ್ತದೆ: ಸ್ಥಿರಾಂಕದ ಲಾಗರಿದಮ್ ತಾಮ್ರಕ್ಕೆ 18.8, ಪಾದರಸಕ್ಕೆ 21.8ರ ಆಸುಪಾಸು. ಗಂಧಕ ಕೀಳುವ ಕ್ರಿಯೆ ಆಗಲೂ ನಡೆಯಬಹುದು, ಆದರೆ ವೇಗ ಬದಲಾಗಿ ನಿಮ್ಮ ಗೆರೆ ಹಾಳಾಗುತ್ತದೆ. ಪ್ರೋಬನ್ನು ಶುದ್ಧ ಮಾಡಿ, ಅಳತೆಯ ಸಮಯವನ್ನು ಬಿಗಿಮಾಡಿ: ಬೆರೆಸಿದ 5ನೇ ನಿಮಿಷ ಎಂದಾದರೆ ಎಲ್ಲಕ್ಕೂ 5ನೇ ನಿಮಿಷವೇ. ಬೆಳ್ಳಿ, ಚಿನ್ನ, ಪಲ್ಲೇಡಿಯಂ ಅಯಾನುಗಳನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸಿ. ಗಂಧಕಕ್ಕೆ ಒಲಿಯುವ ಲೋಹಗಳು ಅವೇ. ಸೋಡಿಯಂ, ಮೆಗ್ನೀಸಿಯಂ ತೋರಿಸಿ ಪಟ್ಟಿ ಉದ್ದ ಮಾಡಿದರೆ ಏನೂ ಸಾಬೀತಾಗುವುದಿಲ್ಲ.

ಉತ್ತರ — ಕೋಶದರ್ಶಿ

ಕೋಶದ ಭಾಗಕ್ಕೆ ನಾನು ಹೇಳುತ್ತೇನೆ.

ಸೀರಮ್ ಇರುವ ಮಾಧ್ಯಮದಲ್ಲಿ ಪಾದರಸ ಕೊಟ್ಟದ್ದೇ ಮೊದಲ ತಪ್ಪು. ಶೇ. 10 ಸೀರಮ್‌ನಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸುಮಾರು 35 ಮೈಕ್ರೋಮೋಲಾರ್ ಇರುತ್ತದೆ, ಅದರಲ್ಲಿ ಒಂಟಿ ಥಯಾಲ್ (ಪಾದರಸವನ್ನು ಹಿಡಿಯುವ ಗಂಧಕದ ಗುಂಪು) ಇರುವ ಸಿಸ್ಟೀನ್ ಇದೆ. ನಿಮ್ಮ 10 ಮೈಕ್ರೋಮೋಲಾರ್ ಪಾದರಸ ಕೋಶದ ಬಾಗಿಲಿಗೆ ಬರುವ ಮೊದಲೇ ಅಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ಆರ್‌ಪಿಎಂಐ 1640 ಮಾಧ್ಯಮಕ್ಕೆ ಬದಲಾಯಿಸಿದರೂ ಪೂರ್ತಿ ತಪ್ಪಿಸಿಕೊಳ್ಳಲಾಗದು, ಅದರ ಸೂತ್ರದಲ್ಲೇ ಥಯಾಲ್ ಇರುವ ಗ್ಲುಟಾಥಯೋನ್ ಲೀಟರಿಗೆ 1 ಮಿಲಿಗ್ರಾಂ ಇದೆ.

35 ಮಿಲಿಮೀಟರ್ ಗಾಜುತಳದ ಡಿಶ್‌ಗೆ 2 ಲಕ್ಷ ಕೋಶ, 24 ಗಂಟೆ ಬೆಳೆಯಲಿ. ಬೆಚ್ಚಗಿನ ಹ್ಯಾಂಕ್ಸ್ ಉಪ್ಪುದ್ರಾವಣಕ್ಕೆ 20 ಮಿಲಿಮೋಲಾರ್ ಹೆಪೆಸ್ ಸೇರಿಸಿ ಅದರಿಂದ ಮೂರು ಸಲ ತೊಳೆಯಿರಿ. ಪ್ರೋಬ್ 5 ಮೈಕ್ರೋಮೋಲಾರ್, ಡಿಎಂಎಸ್‌ಒ ಶೇ. 0.5 ಮೀರಬಾರದು, 37 ಡಿಗ್ರಿಯಲ್ಲಿ 30 ನಿಮಿಷ, ಮತ್ತೆ ಮೂರು ತೊಳೆತ. ಆಮೇಲೆ ಅದೇ ಉಪ್ಪುದ್ರಾವಣದಲ್ಲಿ ಮರ್ಕ್ಯುರಿಕ್ ಕ್ಲೋರೈಡ್ 5 ಅಥವಾ 10 ಮೈಕ್ರೋಮೋಲಾರ್, 20 ನಿಮಿಷ. 50ಕ್ಕೆ ಹೋಗಬೇಡಿ. ಸಾಯುತ್ತಿರುವ ಕೋಶದ ಪೊರೆ ಹರಿದು ಎಲ್ಲವೂ ಒಳನುಗ್ಗುತ್ತದೆ, ಆ ಹೊಳಪು ಚಿತ್ರದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ, ಅರ್ಥ ಮಾತ್ರ ಇರುವುದಿಲ್ಲ. ಕೊನೆಯಲ್ಲಿ ಟ್ರಿಪಾನ್ ಬ್ಲೂ ಹಾಕಿ ಬದುಕಿರುವ ಕೋಶ ಎಣಿಸಿ. ಪ್ರೊಪಿಡಿಯಂ ಅಯೋಡೈಡ್ ಬೇಡ, ಅದರ ಬಣ್ಣ ರೋಡಮೀನಿನ ಮೇಲೇ ಬೀಳುತ್ತದೆ.

ಪಾದರಸವಿಲ್ಲದ ಡಿಶ್‌ನ ಕೆಂಪು ಚುಕ್ಕೆಗಳಿಗೆ ಮೂರು ಕಾರಣ ಇರಬಹುದು, ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಒಂದು, ಲೈಸೋಸೋಮ್, ಕೋಶದೊಳಗಿನ ಆಮ್ಲೀಯ ಚೀಲ. ಒಳಗಿನ ಪಿಎಚ್ 4.5ರಿಂದ 5. ಮೇಲೆ ಗಂಧಕಪ್ರಿಯ ಅವರು ಕ್ಯುವೆಟ್‌ನಲ್ಲಿ ತೋರಿಸಿದ ಆಮ್ಲದ ಕಥೆಯೇ ಇಲ್ಲೂ. ಲೈಸೋಸೋಮಿಗೆ ಬಣ್ಣ ಹಚ್ಚುವ ಹಸಿರು ಲೈಸೋಟ್ರ್ಯಾಕರ್ ಹಾಕಿ ಚುಕ್ಕೆಗಳು ಒಂದರ ಮೇಲೊಂದು ಕೂರುತ್ತವೆಯೇ ನೋಡಿ. ಕೂತರೆ ಬ್ಯಾಫಿಲೊಮೈಸಿನ್ ಎ1 100 ನ್ಯಾನೋಮೋಲಾರ್‌ನಲ್ಲಿ ಒಂದು ಗಂಟೆ ಇಟ್ಟು ಲೈಸೋಸೋಮಿನ ಆಮ್ಲ ಇಳಿಸಿ, ಮತ್ತೆ ಪ್ರೋಬ್ ಹಾಕಿ. ಚುಕ್ಕೆ ಮಾಯವಾದರೆ ಅದು ಆಮ್ಲದ ಹೊಳಪು.

ಎರಡು, ಕರಗದ ಪ್ರೋಬ್. ಕ್ಯುವೆಟ್‌ನಲ್ಲಿ ಶೇ. 20 ಅಸಿಟೋನೈಟ್ರೈಲ್ ಇತ್ತು, ಕೋಶದ ಮೇಲೆ ಅದಿಲ್ಲ. ಬರೀ ಉಪ್ಪುನೀರಿನಲ್ಲಿ ಈ ಅಣು ಸಣ್ಣ ಕಣಗಳಾಗಿ ಬೇರ್ಪಡುತ್ತದೆ. ಕೋಶವಿಲ್ಲದ ಖಾಲಿ ಗಾಜಿನ ಮೇಲೂ ಚುಕ್ಕೆ ಕಂಡರೆ ಇದೇ ಕಾರಣ. ಸ್ಟಾಕನ್ನು ಕರಗಲು ನೆರವಾಗುವ ಪ್ಲುರೊನಿಕ್ ಎಫ್-127 ಜೊತೆ ಬೆರೆಸಿ, ಕೊನೆಯ ಪ್ರಮಾಣ ಶೇ. 0.02 ಬರುವಂತೆ ಹಾಕಿ.

ಮೂರು, ಬೆಳಕು. ರೋಡಮೀನಿನ ಸ್ಪೈರೊ ಅಮೈಡ್‌ಗಳು ನೇರಳಾತೀತ ಬೆಳಕಿಗೆ ತೆರೆದುಕೊಳ್ಳುತ್ತವೆ. ನ್ಯೂಕ್ಲಿಯಸ್ ನೋಡಲೆಂದು ಹೋಕ್ಸ್ಟ್ ಬಣ್ಣದ ಚಾನೆಲ್ಲನ್ನು 405 ನ್ಯಾನೋಮೀಟರ್ ಲೇಸರಿನಲ್ಲಿ ಮೊದಲು ಓಡಿಸುತ್ತಿದ್ದರೆ, ಆ ಜಾಗದ ಪ್ರೋಬನ್ನು ನೀವೇ ಹೊತ್ತಿಸಿರುತ್ತೀರಿ. ಯಾವಾಗಲೂ 561 ಲೇಸರ್ ಮೊದಲು, 570–620ರಲ್ಲಿ ಹಿಡಿಯಿರಿ, 405 ಕೊನೆಗೆ.

ಇನ್ನೊಂದು ಮುಖ್ಯ ಮಾತು. ತೆರೆದ ರೋಡಮೀನ್ ಧನ ವಿದ್ಯುದಂಶದ, ಕೊಬ್ಬಿನಲ್ಲಿ ಕರಗುವ ಅಣು. ಅದು ಎಲ್ಲಿ ಹುಟ್ಟಿದರೂ ಮೈಟೊಕಾಂಡ್ರಿಯದ ಪೊರೆಯ ವಿಭವಕ್ಕೆ ಸೆಳೆದು ಅಲ್ಲಿಗೆ ಸೇರುತ್ತದೆ. ಹಾಗಾಗಿ ಮೈಟೊಟ್ರ್ಯಾಕರ್ ಜೊತೆ ಹೊಂದಿಕೆ ಕಂಡಿತೆಂದು ‘ಪಾದರಸ ಮೈಟೊಕಾಂಡ್ರಿಯದಲ್ಲಿ ಶೇಖರವಾಗಿದೆ’ ಎಂದು ಬರೆಯಬೇಡಿ. ನೀವು ನೋಡುತ್ತಿರುವುದು ಕ್ರಿಯೆ ಮುಗಿದ ಮೇಲಿನ ಬಣ್ಣವನ್ನು, ಪಾದರಸವನ್ನಲ್ಲ. ಪ್ರಕಟವಾದ ಎಷ್ಟೋ ಚಿತ್ರಗಳಲ್ಲಿ ಈ ತಪ್ಪು ಹಾಗೇ ದಾಟಿಹೋಗಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೊಡುವ ಕ್ರಮವೂ ಅಷ್ಟೇ ಮುಖ್ಯ. ಕೋಶದೊಳಗೆ ಗ್ಲುಟಾಥಯೋನ್ 1ರಿಂದ 10 ಮಿಲಿಮೋಲಾರ್ ಇದೆ. ಪಾದರಸ ಮೊದಲು ಕೊಟ್ಟು ಪ್ರೋಬ್ ಆಮೇಲೆ ಹಾಕಿದರೆ, ಪ್ರೋಬ್ ಒಳಬರುವ ಹೊತ್ತಿಗೆ ಪಾದರಸ ಥಯಾಲ್‌ಗಳ ಕೈಯಲ್ಲಿರುತ್ತದೆ. ಪ್ರೋಬ್ ಮೊದಲಿದ್ದರೆ ಮಾತ್ರ ಅದಕ್ಕೂ ಒಂದು ಪಾಲು ಸಿಗುತ್ತದೆ. ಎರಡೂ ಕ್ರಮದಲ್ಲಿ ಮಾಡಿ. ಪ್ರೋಬ್ ಮೊದಲು ಹಾಕಿದಾಗ ಮಾತ್ರ ಹೊಳಪು ಬಂದರೆ, ನಿಮ್ಮ ಪ್ರೋಬ್ ತೋರಿಸುವುದು ಒಳಗೆ ಬರುತ್ತಿರುವ ಪಾದರಸವನ್ನು. ಮೊದಲೇ ಸೇರಿಕೊಂಡು ಕೂತದ್ದನ್ನು ಅದು ತೋರಿಸುತ್ತದೆಂದು ಹೇಳಲಾಗದು. ಕ್ಯುವೆಟ್‌ನಲ್ಲೂ ಇದನ್ನು ಅರ್ಧ ಗಂಟೆಯಲ್ಲಿ ನೋಡಬಹುದು: 1 ಮಿಲಿಮೋಲಾರ್ ಗ್ಲುಟಾಥಯೋನ್‌ಗೆ ಪಾದರಸ ಹಾಕಿ ಆಮೇಲೆ ಪ್ರೋಬ್, ಇನ್ನೊಂದರಲ್ಲಿ ಪ್ರೋಬ್ ಮತ್ತು ಪಾದರಸ ಮೊದಲು, ಆಮೇಲೆ ಗ್ಲುಟಾಥಯೋನ್. ಎರಡನೆಯದರಲ್ಲಿ ಹೊಳಪು ಹಾಗೇ ಉಳಿಯಬೇಕು, ಏಕೆಂದರೆ ಕ್ರಿಯೆ ಹಿಂದಿರುಗುವುದಿಲ್ಲ.

ಉತ್ತರ — ತಿಳಿನೀರು

ಅಳಿವೆ ನೀರಿನ ಬಗ್ಗೆ. ಮೊದಲು ಒಂದು ಅಳತೆ ಮನಸ್ಸಿನಲ್ಲಿರಲಿ. ನೀವು ಬೆರೆಸಿದ 2 ಮೈಕ್ರೋಮೋಲಾರ್ ಎಂದರೆ ಲೀಟರಿಗೆ 401 ಮೈಕ್ರೋಗ್ರಾಂ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ, ಅಂದರೆ 5 ನ್ಯಾನೋಮೋಲಾರ್. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 6 ಮೈಕ್ರೋಗ್ರಾಂ, 30 ನ್ಯಾನೋಮೋಲಾರ್. ಮಿತಿಯ ನಾನೂರು ಪಟ್ಟು ಬೆರೆಸಿದ ಮಾದರಿಯಲ್ಲೇ ಮುಕ್ಕಾಲು ಭಾಗ ಕಾಣದಿದ್ದರೆ, ನಿಜವಾದ ನೀರಿನಲ್ಲಿ ಏನೂ ಕಾಣದಿದ್ದದ್ದಕ್ಕೆ ಬೆಲೆ ಕಟ್ಟಲಾಗದು.

ಮುಕ್ಕಾಲು ಎಲ್ಲಿ ಹೋಯಿತು? ಅರ್ಧ ಉತ್ತರ ಟ್ಯೂಬಿನ ಗೋಡೆಯಲ್ಲೇ ಇರಬಹುದು. ತಟಸ್ಥ ಪಿಎಚ್‌ನ ತೆಳು ಪಾದರಸ ರಾತ್ರಿಯೊಂದರಲ್ಲಿ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಭಾಗ ಲೋಹರೂಪಕ್ಕೆ ಇಳಿದು ಆವಿಯಾಗಿಯೂ ಹೋಗುತ್ತದೆ. ಪಾಲಿಥೀನ್ ಗೋಡೆ ಹೊರಗಿನ ಪಾದರಸದ ಆವಿಯನ್ನೂ ಒಳಬಿಡುತ್ತದೆ. ಬೋರೋಸಿಲಿಕೇಟ್ ಗಾಜು ಅಥವಾ ಟೆಫ್ಲಾನ್ ಬಾಟಲಿ, ಆಮ್ಲದಲ್ಲಿ ತೊಳೆದದ್ದು, ಅದೊಂದೇ ಸರಿ. ಸೋಸುವುದಿದ್ದರೆ ಪಾದರಸ ಬೆರೆಸುವ ಮೊದಲು ಸೋಸಿ, ಫಿಲ್ಟರ್ ಹಾಳೆಯೂ ಪಾದರಸ ಹಿಡಿದುಕೊಳ್ಳುತ್ತದೆ.

ನಷ್ಟ ಯಾವ ಹಂತದಲ್ಲಿ ಎಂದು ತಿಳಿಯಲು ಒಂದೊಂದೇ ಬದಲಾಯಿಸುತ್ತ ಹೋಗಿ: ಶುದ್ಧ ನೀರು ಗಾಜಿನಲ್ಲಿ, ತಕ್ಷಣ ಅಳತೆ, ಅದೇ ನೀರು ನಿಮ್ಮ ಟ್ಯೂಬಿನಲ್ಲಿ, ಮರುದಿನ, ಮಾದರಿಯಷ್ಟೇ ಉಪ್ಪು ಬೆರೆಸಿದ ಶುದ್ಧ ನೀರು, ಕೊನೆಗೆ ಸೋಸಿದ ಅಳಿವೆ ನೀರು. ಉಪ್ಪಿನ ಹಂತದಲ್ಲಿ ಗಮನವಿರಲಿ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 19 ಗ್ರಾಂ, ಪಾದರಸ ಬಹುಪಾಲು ನಾಲ್ಕು ಕ್ಲೋರೈಡ್‌ಗಳ ನಡುವೆ ಸಿಕ್ಕಿರುತ್ತದೆ. ಗಂಧಕದ ಸೆಳೆತ ಅದಕ್ಕಿಂತ ದೊಡ್ಡದು, ಆದ್ದರಿಂದ ಕ್ರಿಯೆ ನಡೆಯುತ್ತದೆ, ಆದರೆ ನಿಧಾನ. 5ನೇ ನಿಮಿಷದ ನಿಮ್ಮ ಶುದ್ಧನೀರಿನ ಗೆರೆ ಇಲ್ಲಿಗೆ ಹೊಂದದು. ಕಾಲದ ಜೊತೆ ಹೊಳಪು ಏರುವುದನ್ನು ಒಮ್ಮೆ ಗುರುತಿಸಿ, ಮಟ್ಟಸವಾಗುವ ಹೊತ್ತನ್ನು ಆರಿಸಿ, ಅಷ್ಟೇ ಉಪ್ಪಿನ ನೀರಿನಲ್ಲಿ ಹೊಸ ಗೆರೆ ಎಳೆಯಿರಿ. ಇನ್ನೂ ಒಳ್ಳೆಯದೆಂದರೆ ಮಾದರಿಗೇ ಹೆಚ್ಚುತ್ತ ಹೋಗುವ ಪಾದರಸ ಸೇರಿಸಿ ಅಳೆಯುವುದು. ಉಪ್ಪಿಗೆ ಪ್ರೋಬ್ ಬೇರ್ಪಟ್ಟರೆ 700 ನ್ಯಾನೋಮೀಟರ್‌ನಲ್ಲೂ ಹೀರಿಕೆ ಏರುತ್ತದೆ, ಅದನ್ನೂ ನೋಡಿ.

ಉಳಿದ ಪಾದರಸ ಕೊಳೆತ ಎಲೆ, ಕೆಸರಿನಿಂದ ಬಂದ ಸಾವಯವ ವಸ್ತುವಿನ ಥಯಾಲ್‌ಗಳಲ್ಲಿದೆ. ಅದನ್ನು ಬಿಡಿಸದೆ ಪ್ರೋಬ್ ಹಾಕಿದರೆ ಸಿಗುವುದು ಕ್ರಿಯೆಗೆ ದೊರಕುವ ಪಾಲು ಮಾತ್ರ. ಒಟ್ಟು ಪಾದರಸ ಬೇಕೆಂದರೆ ಆ ಸಾವಯವ ವಸ್ತುವನ್ನು ಒಡೆಯುವ ಬ್ರೋಮಿನ್ ಮೊನೊಕ್ಲೋರೈಡ್ ಬೇಕು. ಹೊಗೆಗೂಡಿನಲ್ಲಿ 2.5 ಲೀಟರ್ ಪ್ರಬಲ ಹೈಡ್ರೊಕ್ಲೋರಿಕ್ ಆಮ್ಲಕ್ಕೆ 27 ಗ್ರಾಂ ಪೊಟಾಸಿಯಂ ಬ್ರೋಮೈಡ್ ಹಾಕಿ ಒಂದು ಗಂಟೆ ಕಲಕಿ, ಆಮೇಲೆ 38 ಗ್ರಾಂ ಪೊಟಾಸಿಯಂ ಬ್ರೋಮೇಟ್ ಬಹಳ ನಿಧಾನವಾಗಿ. ಕ್ಲೋರಿನ್, ಬ್ರೋಮಿನ್ ಹೊರಬರುತ್ತವೆ. ಇಷ್ಟು ದೊಡ್ಡ ಪ್ರಮಾಣ ಬೇಡವಾದರೆ ಇದೇ ಅನುಪಾತದಲ್ಲಿ ಹತ್ತನೇ ಒಂದು ಮಾಡಿ. 100 ಮಿಲಿಲೀಟರ್ ನೀರಿಗೆ ಇದರ 0.5 ಮಿಲಿಲೀಟರ್, ಕನಿಷ್ಠ 12 ಗಂಟೆ. ಹಳದಿ ಬಣ್ಣ ಉಳಿದಿರಬೇಕು, ಹೋಗಿದ್ದರೆ ಇನ್ನಷ್ಟು ಸೇರಿಸಿ.

ಪ್ರೋಬ್ ಬಳಸುವವರು ಎಡವುವುದು ಇದರ ಮುಂದಿನ ಹಂತದಲ್ಲಿ. ಉಳಿದ ಬ್ರೋಮಿನ್ ಪ್ರೋಬಿನ ಗಂಧಕವನ್ನೂ ರೋಡಮೀನನ್ನೂ ಸುಟ್ಟುಬಿಡುತ್ತದೆ. ಲೀಟರಿಗೆ 300 ಗ್ರಾಂನ ಹೈಡ್ರಾಕ್ಸಿಲಮೀನ್ ಹೈಡ್ರೊಕ್ಲೋರೈಡ್ 0.2 ಮಿಲಿಲೀಟರ್ ಹಾಕಿ ಹಳದಿ ಪೂರ್ತಿ ಹೋಗುವವರೆಗೆ ಕಾಯಿರಿ. ಈ ನೀರಿನಲ್ಲೀಗ ಸುಮಾರು 60 ಮಿಲಿಮೋಲಾರ್ ಆಮ್ಲ ಇದೆ, 20 ಮಿಲಿಮೋಲಾರ್ ಹೆಪೆಸ್ ಇದಕ್ಕೆ ಯಾವ ಮೂಲೆಗೂ ಸಾಲದು. ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ 7ರ ಹತ್ತಿರ ತಂದು, 100 ಮಿಲಿಮೋಲಾರ್ ಹೆಪೆಸ್ ಸೇರಿಸಿ, ಆಮೇಲೆ ಪ್ರೋಬ್. ಇದೇ ಎಲ್ಲ ಹಂತ ದಾಟಿದ ಪಾದರಸವಿಲ್ಲದ ನೀರು ನಿಮ್ಮ ಬ್ಲ್ಯಾಂಕ್. ಜೊತೆಗೆ ಕೆಲವು ಮಾದರಿಗಳನ್ನು 253.7 ನ್ಯಾನೋಮೀಟರಿನ ಶೀತಲ ಆವಿ ವಿಧಾನದಲ್ಲಿ ಅಳೆಸಿ. ಎರಡೂ ಸಂಖ್ಯೆ ಹೊಂದದೆ ಪ್ರೋಬಿನ ಸಂಖ್ಯೆಯನ್ನು ಒಟ್ಟು ಪಾದರಸ ಎನ್ನಬೇಡಿ.

ಮೀಥೈಲ್ ಪಾದರಸ: ಕೆಲವು ಪ್ರೋಬ್‌ಗಳು, ಉದಾಹರಣೆಗೆ ವಿನೈಲ್ ಈಥರ್ ಇರುವ ರೋಡಮೀನ್, ಅದಕ್ಕೂ ಸ್ಪಂದಿಸುತ್ತವೆ. ನಿಮ್ಮ ಅಣುವಿನಲ್ಲಿ ಪರೀಕ್ಷಿಸದೆ ಹೇಳಲಾಗದು. ಪರೀಕ್ಷಿಸುವುದಾದರೆ ತೆಳುಮಾಡಿದ ಮೀಥೈಲ್ ಮರ್ಕ್ಯುರಿ ಕ್ಲೋರೈಡ್ ಸ್ಟ್ಯಾಂಡರ್ಡನ್ನೇ ಕೊಳ್ಳಿ, ಪುಡಿ ತೂಗಲು ಹೋಗಬೇಡಿ. ಡೈಮೀಥೈಲ್ ಪಾದರಸವಂತೂ ಲ್ಯಾಬಿಗೇ ಬರಬಾರದು. 1996ರಲ್ಲಿ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸಿನ ಮೇಲೆ ಬಿದ್ದ ಕೆಲವೇ ಹನಿ ಅದನ್ನು ದಾಟಿ ಒಳಸೇರಿ, ಮರುವರ್ಷ ಅವರು ತೀರಿಕೊಂಡರು.

ಅಳಿವೆ_ನೀರು

ಎಲ್ಲರಿಗೂ ಧನ್ಯವಾದ. 20 ಮೈಕ್ರೋಮೋಲಾರ್ ಕ್ಯುವೆಟ್‌ನ ಪಿಎಚ್ ನೋಡಿದೆವು, 5ರ ಕೆಳಗಿತ್ತು. ಆಮ್ಲವಿಲ್ಲದ ಸ್ಟಾಕಿನಲ್ಲಿ ಗೆರೆ 10ರ ಹತ್ತಿರ ಮಟ್ಟಸವಾಯಿತು. ಟಿಎಲ್‌ಸಿಯಲ್ಲಿ (ಬೆರಕೆಯನ್ನು ಬೇರ್ಪಡಿಸಿ ನೋಡುವ ತೆಳುಪದರ ಪರೀಕ್ಷೆಯಲ್ಲಿ) ಹೈಡ್ರಜೈಡಿನ ಚುಕ್ಕೆಯೂ ಇದೆ, ಕಾಲಮ್ ಮತ್ತೆ ಹಾಕುತ್ತೇವೆ. ಪತ್ತೆ ಮಿತಿಯನ್ನು ಒಂದೇ ಬ್ಲ್ಯಾಂಕ್ ಹತ್ತು ಸಲ ಓದಿ ಲೆಕ್ಕ ಹಾಕಿದ್ದೆವು, 8 ನ್ಯಾನೋಮೋಲಾರ್ ಬಂತು. ಇದು ಸರಿಯೇ?

ಉತ್ತರ — ತಿಳಿನೀರು

ಸರಿಯಲ್ಲ. ಒಂದೇ ಕ್ಯುವೆಟ್ ಹತ್ತು ಸಲ ಓದಿದರೆ ಸಿಗುವುದು ಯಂತ್ರದ ಅಲುಗಾಟ ಮಾತ್ರ. ಹತ್ತು ಬ್ಲ್ಯಾಂಕ್‌ಗಳನ್ನು ಬೇರೆಬೇರೆಯಾಗಿ, ಬಾಟಲಿಯಿಂದ ಹಿಡಿದು ಪ್ರೋಬ್ ಹಾಕುವವರೆಗೆ, ಎರಡು ಮೂರು ದಿನಗಳಲ್ಲಿ ಹಂಚಿ ತಯಾರಿಸಿ. ಅವುಗಳ ವಿಚಲನೆಯ ಮೂರು ಪಟ್ಟನ್ನು ಕೆಳಗಿನ ಭಾಗದ ಇಳಿಜಾರಿನಿಂದ ಭಾಗಿಸಿ. 0ರಿಂದ 10 ಮೈಕ್ರೋಮೋಲಾರ್‌ವರೆಗಿನ ಇಳಿಜಾರು ಬೇಡ, 0ರಿಂದ 0.5ರವರೆಗಿನದು ಬೇಕು. ಮಾದರಿಯನ್ನು ಬಫರ್ ಮತ್ತು ಅಸಿಟೋನೈಟ್ರೈಲ್ ಜೊತೆ ತೆಳುಮಾಡಿದ ಪ್ರಮಾಣವನ್ನೂ ಗುಣಿಸಿ. 2 ಮಿಲಿಲೀಟರ್‌ನಲ್ಲಿ ನಿಮ್ಮ ನೀರು 1.5 ಮಾತ್ರ ಇದ್ದರೆ ಕ್ಯುವೆಟ್‌ನ 8 ನದಿಯಲ್ಲಿ 10.7. ಪ್ರಮಾಣ ಹೇಳಬೇಕಾದರೆ ಹತ್ತು ಪಟ್ಟು ವಿಚಲನೆಯ ಮೇಲೆ ಬಂದ ಸಂಖ್ಯೆಗಳನ್ನಷ್ಟೇ ಹೇಳಿ.

ಪಾದರಸದ ತ್ಯಾಜ್ಯವನ್ನು ಬೇರೆಯೇ ಗಾಜಿನ ಬಾಟಲಿಯಲ್ಲಿ, ಹೆಸರು ಬರೆದು ಕೂಡಿಡಿ. ಕೋಶದ ಡಿಶ್‌ಗಳಿಗೆ ರೂಢಿಯಂತೆ ಬ್ಲೀಚ್ ಸುರಿಯಬೇಡಿ, ಆಟೊಕ್ಲೇವ್‌ಗೂ ಹಾಕಬೇಡಿ. ಬಿಸಿಗೆ ಪಾದರಸ ಆವಿಯಾಗಿ ಕೋಣೆಗೆ ಬರುತ್ತದೆ.